ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾಪ್ಟನ್ ಕಿರ್ಕ್‌ನ ಅಂಗಿ ಹಸಿರೋ, ಹೊನ್ನಿನ ಬಣ್ಣವೋ?

ಕಳೆದ ಸಂಚಿಕೆಯ ಉತ್ತರವೊಂದರಲ್ಲಿ ಅಮೆರಿಕದ ಹಳೆಯ ವೈಜ್ಞಾನಿಕ ಧಾರಾವಾಹಿ ‘ಸ್ಟಾರ್ ಟ್ರೆಕ್’ ಕುರಿತು ಬರೆಯುವಾಗ ‘ಹಳದಿ ಅಂಗಿಯ ಕ್ಯಾಪ್ಟನ್ ಕಿರ್ಕ್’ ಎಂದು ಬರೆದಿದ್ದೆ. ಆ ಒಂದು ವಿಶೇಷಣದ ಮೇಲೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಇಷ್ಟು ಪತ್ರಗಳು ಬರುತ್ತವೆಂದು ಎಣಿಸಿರಲಿಲ್ಲ. ಆದ್ದರಿಂದ ಈ ಬಾರಿಯ ಅಂಕಣ ಪೂರ್ತಿಯಾಗಿ ಅಂಗಿಯ ಬಣ್ಣಕ್ಕೇ ಮೀಸಲು. ಮಾವಿನ ಹೂವು ಉದುರುವುದರ ಬಗ್ಗೆ ಕೇಳಿರುವ ಶ್ರೀನಿವಾಸಪುರದ ಓದುಗರು ಮುಂದಿನ ತಿಂಗಳವರೆಗೆ ಕ್ಷಮಿಸಬೇಕು.

ಪ್ರಶ್ನೆ: ನಾವು ಎರಡು ತಲೆಮಾರಿನಿಂದ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಕಿರ್ಕ್‌ನ ಅಂಗಿ ನಿಜವಾಗಿ ಹಸಿರಾಗಿತ್ತು, ಪರದೆಯ ಮೇಲೆ ಮಾತ್ರ ಹೊನ್ನಿನ ಬಣ್ಣಕ್ಕೆ ಕಾಣುತ್ತಿತ್ತು ಎಂದು ನನ್ನ ಮಗ ವಾದಿಸುತ್ತಾನೆ. ಕಡಾಯಿಯಿಂದ ಹಸಿರಾಗಿ ಎದ್ದ ನೂಲು ಅರಿಶಿನವಾಗಿ ಕಾಣಿಸಿದ್ದನ್ನು ನಾನಂತೂ ಕಂಡಿಲ್ಲ. ಕ್ಯಾಮೆರಾ ಅಷ್ಟು ದೊಡ್ಡ ತಪ್ಪು ಮಾಡಬಲ್ಲದೇ?
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ನಿಮ್ಮ ಮಗನ ಮಾತು ನಿಜ; ಕಳೆದ ಸಂಚಿಕೆಯಲ್ಲಿ ‘ಹಳದಿ’ ಎಂದು ಬರೆದ ನಾನು ಪರದೆಯನ್ನು ನಂಬಿದವನು. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ 1969ರವರೆಗೆ 79 ಕಂತುಗಳಲ್ಲಿ ಪ್ರಸಾರವಾದ ಆ ಧಾರಾವಾಹಿಗೆ ಉಡುಪು ವಿನ್ಯಾಸ ಮಾಡಿದವರು ವಿಲಿಯಂ ವೇರ್ ಥೈಸ್. ಕಿರ್ಕ್ ನಾಯಕನಾಗಿರುವ ಬಾಹ್ಯಾಕಾಶ ನೌಕೆಯ ಸಿಬ್ಬಂದಿಗೆ ಅವರು ಮೂರು ಬಣ್ಣಗಳನ್ನು ಹಂಚಿದರು. ವಿಜ್ಞಾನಿಗಳಿಗೂ ವೈದ್ಯರಿಗೂ ನೀಲಿ, ಎಂಜಿನಿಯರುಗಳಿಗೂ ಕಾವಲಿನವರಿಗೂ ಕೆಂಪು, ಅಪ್ಪಣೆ ಕೊಡುವವರಿಗೆ ಹಸಿರು. ಈ ಹಸಿರು ಗಿಳಿಹಸಿರಲ್ಲ. ಬೆಣ್ಣೆಹಣ್ಣನ್ನು ಕೊಯ್ದಾಗ ಸಿಪ್ಪೆಗೂ ತಿರುಳಿಗೂ ನಡುವೆ ಕಾಣುವ, ಹಳದಿಗೆ ವಾಲಿದ ಹಸಿರು. ಅಂಗಿಗಳು ಹಸಿರೇ ಆಗಿದ್ದವೆಂದು ಥೈಸ್ ಅವರೇ ಮುಂದೆ ಸ್ಪಷ್ಟವಾಗಿ ಹೇಳಿದ್ದಾರೆ.

ಹಾಗಾದರೆ ಹಸಿರು ಎಲ್ಲಿ ಹೋಯಿತು? ಇದಕ್ಕೆ ನಿಮ್ಮ ಕಸುಬಿನ ಅನುಭವವೇ ಅರ್ಧ ಉತ್ತರ ಕೊಡುತ್ತದೆ. ಸೀರೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸರಿಯಾಗಿ ಒಪ್ಪಿದ ಸೀರೆಯನ್ನೂ ರವಿಕೆ ಕಣವನ್ನೂ ನಮ್ಮ ಹೆಂಗಸರು ಬಾಗಿಲಾಚೆಯ ಬಿಸಿಲಿಗೆ ಒಯ್ದು ಹಿಡಿದು ನೋಡದೆ ದುಡ್ಡು ಕೊಡುವುದಿಲ್ಲ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಯಾಗಿಬಿಡುತ್ತವೆ, ಏಕೆಂದರೆ ಎರಡು ರಂಗುಗಳು ಬೆಳಕಿನ ಬೇರೆಬೇರೆ ಪಾಲನ್ನು ಹಿಂದಕ್ಕೆ ಕಳಿಸುತ್ತಲೇ ನಮ್ಮ ಕಣ್ಣಿಗೆ ಮಾತ್ರ ಒಂದೇ ಆಗಿ ತೋರಬಲ್ಲವು. ಬೆಳಕು ಬದಲಾದಾಗ ನಡೆಯುವ ಈ ಆಟವೇ, ನೋಡುವ ಕಣ್ಣು ಬದಲಾದಾಗಲೂ ನಡೆಯುತ್ತದೆ. ಫಿಲ್ಮು ಅಂಥದೊಂದು ಬೇರೆ ಕಣ್ಣು.

ಮನುಷ್ಯನ ಕಣ್ಣು ಕಡುಗೆಂಪಿನ ಅಂಚಿನಲ್ಲಿ ಬಹಳ ಮಂದ. ಬೆಳಕಿನ ಅಲೆಯುದ್ದ 650 ನ್ಯಾನೋಮೀಟರ್ ತಲುಪುವ ಹೊತ್ತಿಗೆ ಅದರ ಗ್ರಹಣಶಕ್ತಿ ಗರಿಷ್ಠ ಮಟ್ಟದ ಹತ್ತನೆಯ ಒಂದು ಪಾಲಿಗೆ ಇಳಿದಿರುತ್ತದೆ, 700 ತಲುಪಿದರೆ ಹೆಚ್ಚುಕಡಿಮೆ ಕುರುಡು. ಬಣ್ಣದ ಫಿಲ್ಮಿನಲ್ಲಿ ಕೆಂಪನ್ನು ಹಿಡಿಯುವ ಪದರವಾದರೋ ಸರಿಯಾಗಿ ಆ ಪ್ರದೇಶದಲ್ಲೇ ಚುರುಕಾಗಿರುತ್ತದೆ. ಈಗ ಬಟ್ಟೆಗೆ ಹಾಕುವ ಕೃತಕ ರಂಗುಗಳನ್ನು ನೋಡಿ. ಅವುಗಳಲ್ಲಿ ಹಲವು, ಹಸಿರನ್ನು ಧಾರಾಳವಾಗಿ ಪ್ರತಿಫಲಿಸುವುದರ ಜೊತೆಗೆ, ನಮಗೆ ಕಾಣದ ಆ ಕಡುಗೆಂಪನ್ನೂ ಸದ್ದಿಲ್ಲದೆ ಪ್ರತಿಫಲಿಸುತ್ತವೆ. ಕಣ್ಣು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಫಿಲ್ಮು ಹಿಡಿಯುತ್ತದೆ. ಹಸಿರಿಗೆ ಕೆಂಪು ಬೆರೆತರೆ ಪರದೆಯ ಮೇಲೆ ಮೂಡುವುದು ಹಳದಿ, ಸಾಸಿವೆ, ಕಂದು. ಫಿಲ್ಮು ತಯಾರಿಸುವ ಕೊಡಾಕ್ ಕಂಪನಿಯೇ ಛಾಯಾಗ್ರಾಹಕರಿಗಾಗಿ ಬರೆದ ತಾಂತ್ರಿಕ ಕೈಪಿಡಿಗಳಲ್ಲಿ ಈ ತೊಂದರೆಯನ್ನು ಒಪ್ಪಿಕೊಂಡು, ಇದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುವುದು ಹಸಿರು ಬಟ್ಟೆ, ಅದರಲ್ಲೂ ಕೃತಕ ನೂಲಿನ ಬಟ್ಟೆ ಎಂದು ಎಚ್ಚರಿಸಿದೆ. ಕೆಲವು ನೀಲಿ ಹೂವುಗಳು ಫಿಲ್ಮಿನಲ್ಲಿ ನಸುಗೆಂಪಾಗುವುದಕ್ಕೂ ಇದೇ ಕಾರಣ. ಇದರ ಮೇಲೆ ಸ್ಟುಡಿಯೋದಲ್ಲಿ ಉರಿಯುತ್ತಿದ್ದುದು ಟಂಗ್‌ಸ್ಟನ್ ದೀಪಗಳು. ಅವುಗಳ ಬೆಳಕಿನಲ್ಲಿ ಕೆಂಪಿನ ಪಾಲೇ ಹೆಚ್ಚು.

ಅಂಗಿಯ ಬಟ್ಟೆಯದೂ ಪಾಲಿದೆ. ಮೊದಲ ಎರಡು ವರ್ಷ ಅಂಗಿಗಳನ್ನು ವೆಲೂರ್ ಎಂಬ, ಮಕಮಲ್ಲಿನಂತೆ ಎಳೆ ಎದ್ದ ಬಟ್ಟೆಯಲ್ಲಿ ಹೊಲಿಸಿದ್ದರು. ಅಂಥ ಬಟ್ಟೆಯ ಮೇಲೆ ಕೈಯಾಡಿಸಿದ ದಿಕ್ಕಿಗೆ ಬಣ್ಣ ಬೇರೆಯಾಗುವುದನ್ನು ನೀವು ಬಲ್ಲಿರಿ. ಒಗೆತಕ್ಕೆ ಹೋಗಿಬಂದಾಗಲೆಲ್ಲ ಅದು ಕುಗ್ಗುತ್ತಿತ್ತು, ನಟರ ಮೈಗೆ ಬಿಗಿಯಾಗುತ್ತಿತ್ತು. ಮೂರನೆಯ ವರ್ಷ ಅದನ್ನು ಬಿಟ್ಟು ನೈಲಾನ್ ಹೆಣಿಗೆಯ ಬಟ್ಟೆಗೆ ಬದಲಾಯಿಸಿದರು.

ಕ್ಯಾಮೆರಾವನ್ನೇ ಪೂರ್ತಿ ದೂರುವುದು ನ್ಯಾಯವಲ್ಲ ಎನ್ನುವುದಕ್ಕೆ ಧಾರಾವಾಹಿಯೊಳಗೇ ಸಾಕ್ಷಿಯಿದೆ. ಕಿರ್ಕ್ ಆಗಾಗ ಎದೆಯ ಮೇಲೆ ಅಡ್ಡಲಾಗಿ ಸುತ್ತಿಕೊಳ್ಳುವ ಇನ್ನೊಂದು ಅಂಗಿ ತೊಡುತ್ತಾನೆ; ಸಮಾರಂಭಗಳಿಗೆ ಮಿರುಗುವ ಬಟ್ಟೆಯ ಬೇರೊಂದು ಉಡುಪು ಹಾಕುತ್ತಾನೆ. ಅವು ಬೇರೆ ಬಟ್ಟೆಯವು. ಅದೇ ಸ್ಟುಡಿಯೋದ ಅದೇ ಬಗೆಯ ದೀಪ, ಅದೇ ಬಗೆಯ ಫಿಲ್ಮು, ಆದರೂ ಅವೆರಡೂ ಪರದೆಯ ಮೇಲೆ ನಿಚ್ಚಳ ಹಸಿರಾಗಿಯೇ ಕಾಣುತ್ತವೆ. ಕ್ಯಾಪ್ಟನ್ ಏಕೆ ಕೆಲವೊಮ್ಮೆ ಮಾತ್ರ ಹಸಿರು ತೊಡುತ್ತಾನೆ ಎಂದು ಅಭಿಮಾನಿಗಳು ಬಹಳ ಕಾಲ ತಲೆ ಕೆಡಿಸಿಕೊಂಡರು. ಅವನು ಸದಾ ಹಸಿರನ್ನೇ ತೊಟ್ಟಿದ್ದ. ದಿನಬಳಕೆಯ ಅಂಗಿಯ ಬಟ್ಟೆಯೊಂದೇ ಫಿಲ್ಮಿನ ಮುಂದೆ ಬಣ್ಣ ಬದಲಾಯಿಸುತ್ತಿತ್ತು.

ಹಸಿರು ಅರಿಶಿನವಾದದ್ದನ್ನು ಕಂಡಿಲ್ಲ ಎಂದಿರಿ. ನಾನು ಕಂಡಿದ್ದೇನೆ, ಅದಕ್ಕಾಗಿ ಬೈಗುಳವನ್ನೂ ತಿಂದಿದ್ದೇನೆ. ಎಂಬತ್ತರ ದಶಕದಲ್ಲಿ ತುಮಕೂರಿನ ಬಿ.ಎಚ್. ರಸ್ತೆಯ ಫೋಟೋ ಸ್ಟುಡಿಯೋ ಒಂದರಲ್ಲಿ ಸಹಾಯಕನಾಗಿದ್ದಾಗ ಮದುವೆಯೊಂದರ ಆಲ್ಬಂ ಬಂತು. ಮದುಮಗಳ ಅತ್ತಿಗೆ ಉಟ್ಟಿದ್ದುದು ಎಳೆಹಸಿರಿನ ಕೃತಕ ರೇಷ್ಮೆ ಸೀರೆ. ಪ್ರಿಂಟಿನಲ್ಲಿ ಮಾತ್ರ ಅದು ಒಣಗಿದ ಬಾಳೆಲೆಯಂತೆ ಕಂದಾಗಿತ್ತು. ಮತ್ತೆ ಪ್ರಿಂಟ್ ಹಾಕಿಸಿ ಸೀರೆಯನ್ನು ಹಸಿರಿಗೆ ತಂದೆವು, ಆಗ ಸಾಲಾಗಿ ನಿಂತ ಬೀಗರೆಲ್ಲರ ಮುಖ ಪಾಚಿ ಕಟ್ಟಿದಂತಾಯಿತು. ಮುಖ ಸರಿಮಾಡಿದರೆ ಸೀರೆ ಕೆಡುತ್ತಿತ್ತು, ಸೀರೆ ಸರಿಮಾಡಿದರೆ ಮುಖ. ಮೂರನೆಯ ಸಲ ಮುಖಗಳನ್ನೇ ಉಳಿಸಿಕೊಂಡು ಕೊಟ್ಟಾಗ ಆ ಮನೆಯ ಹಿರಿಯರೊಬ್ಬರು ‘ನಮ್ಮ ಸೀರೆ ಎಲ್ಲಯ್ಯಾ?’ ಎಂದು ಕೇಳಿದರು. ಆಗ ನನ್ನ ಬಳಿ ಉತ್ತರವಿರಲಿಲ್ಲ.

ಪ್ರಶ್ನೆ: ಇದೇ ಧಾರಾವಾಹಿಯಲ್ಲಿ ಹಸಿರು ಮೈಬಣ್ಣದ ನರ್ತಕಿಯೊಬ್ಬಳಿಗೆ ಎಷ್ಟು ಬಣ್ಣ ಬಳಿದರೂ ಫಿಲ್ಮಿನಲ್ಲಿ ಅದು ಬರುತ್ತಲೇ ಇರಲಿಲ್ಲವಂತೆ. ಇದು ಕಟ್ಟುಕಥೆಯೇ?
— ಓದುಗರೊಬ್ಬರು, ಶಿರಾ

ಉತ್ತರ: ಇಲ್ಲ, ನಡೆದದ್ದೇ, ಆದರೆ ಇಲ್ಲಿ ಆಟವಾಡಿದ್ದು ರಂಗೂ ಅಲ್ಲ, ಫಿಲ್ಮೂ ಅಲ್ಲ. 1964ರಲ್ಲಿ ಮೊದಲ ಮಾದರಿ ಕಂತನ್ನು ಸಿದ್ಧಪಡಿಸುವಾಗ ಪ್ರಸಾಧನದ ಪ್ರಯೋಗಕ್ಕಾಗಿ ನಟಿ ಮೇಜಲ್ ಬ್ಯಾರೆಟ್ ಅವರಿಗೆ ಹಸಿರು ಬಳಿದು ಚಿತ್ರೀಕರಿಸಿದರು. ಪ್ರಸಾಧನ ಕಲಾವಿದ ಫ್ರೆಡ್ ಫಿಲಿಪ್ಸ್. ಲ್ಯಾಬಿನಿಂದ ಬಂದ ಫಿಲ್ಮಿನಲ್ಲಿ ಆಕೆ ಎಲ್ಲರಂತೆ ಸಹಜ ಮೈಬಣ್ಣದಲ್ಲಿದ್ದರು. ಮರುದಿನ ಇನ್ನೂ ಗಾಢವಾಗಿ ಬಳಿದರು, ಫಲ ಅದೇ. ಕೊನೆಗೆ ವಿಚಾರಿಸಿದಾಗ ತಿಳಿದದ್ದು ಇಷ್ಟು: ಯಾರದೋ ತಪ್ಪಿನಿಂದ ಮುಖ ಹಸಿರಾಗಿದೆ ಎಂದು ಭಾವಿಸಿದ ಲ್ಯಾಬಿನವರು ಪ್ರತಿ ಸಲವೂ ಶ್ರದ್ಧೆಯಿಂದ ಅದನ್ನು ತಿದ್ದಿ ಕಳಿಸುತ್ತಿದ್ದರು. ಕಂತಿನಲ್ಲಿ ಆ ಪಾತ್ರವನ್ನು ಮಾಡಿದ್ದು ಸೂಸನ್ ಆಲಿವರ್. ಅಷ್ಟರಲ್ಲಿ ಲ್ಯಾಬಿಗೆ ವಿಷಯ ತಿಳಿದಿತ್ತು.

ನಗು ಬರುತ್ತದೆ, ಆದರೆ ಲ್ಯಾಬಿನವರನ್ನು ನಾನು ದೂರಲಾರೆ. ಬಣ್ಣ ತಿದ್ದುವವನಿಗೆ ನಂಬಿಕೆಯ ಅಳತೆಗೋಲು ಒಂದೇ, ಅದು ಮನುಷ್ಯನ ಮುಖ. ಫಿಲ್ಮು ಸುರುಳಿಯ ತುದಿಯಲ್ಲಿ ಹೆಂಗಸೊಬ್ಬಳ ಮುಖವನ್ನೂ ಬಣ್ಣದ ಪಟ್ಟಿಗಳನ್ನೂ ಸೇರಿಸಿ, ಆ ಮುಖ ಸರಿಯಾಗಿ ಕಾಣುವವರೆಗೆ ಹೊಂದಿಸಿಕೊಳ್ಳುವುದು ಲ್ಯಾಬುಗಳ ರೂಢಿಯೇ ಆಗಿತ್ತು. ನಮ್ಮ ಸ್ಟುಡಿಯೋದಲ್ಲಿ ಸೀರೆಯನ್ನು ಬಲಿಕೊಟ್ಟು ಮುಖ ಉಳಿಸಿಕೊಂಡದ್ದೂ ಇದೇ ನಿಯಮದಿಂದ. ಅಮೆರಿಕದ ಮನೆಗಳಲ್ಲೂ ಅದೇ ನಡೆಯುತ್ತಿತ್ತು: ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯ ಪ್ರಸಾರದಲ್ಲಿ ದಾರಿಯ ನಡುವೆ ಬಣ್ಣ ಜಾರುವ ದೋಷವಿದ್ದುದರಿಂದ ಟಿವಿಗೆ ಬಣ್ಣ ಹೊಂದಿಸುವ ತಿರುಗುಗುಂಡಿ ಇರುತ್ತಿತ್ತು. ಮನೆಯವರು ನಟನ ಮುಖ ಸರಿಯಾಗುವವರೆಗೆ ಅದನ್ನು ತಿರುಗಿಸಿದರೆ, ಅಂಗಿಯ ಬಣ್ಣ ಅದರ ಜೊತೆಗೆ ಎತ್ತಲೋ ಸರಿಯುತ್ತಿತ್ತು. ಆ ಪದ್ಧತಿಯ ಹೆಸರಿನ ಅಕ್ಷರಗಳನ್ನು ‘ಎರಡು ಸಲ ಒಂದೇ ಬಣ್ಣ ಬಾರದು’ ಎಂದು ಎಂಜಿನಿಯರುಗಳೇ ಬಿಡಿಸಿ ಹೇಳಿ ಗೇಲಿ ಮಾಡುತ್ತಿದ್ದರು. ನಮ್ಮ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ, ಸಾಲು ಬಿಟ್ಟು ಸಾಲಿಗೆ ಬಣ್ಣದ ಸಂಕೇತವನ್ನು ತಿರುವು ಮಾಡಿ ಕಳಿಸುವುದರಿಂದ ಈ ಜಾರುವಿಕೆ ತನ್ನಷ್ಟಕ್ಕೆ ರದ್ದಾಗುತ್ತದೆ.

ಪ್ರಶ್ನೆ: 2006ರಲ್ಲಿ ಹಳೆಯ ಕಂತುಗಳನ್ನು ಶುಚಿಗೊಳಿಸಿ ಮತ್ತೆ ಹೊರತಂದರಲ್ಲ, ಆಗಲಾದರೂ ಅಂಗಿಯನ್ನು ಹಸಿರಾಗಿ ತಿದ್ದಬಹುದಿತ್ತಲ್ಲವೇ?
— ಓದುಗರೊಬ್ಬರು, ಮುಳಬಾಗಿಲು

ಉತ್ತರ: ತಿದ್ದಬಹುದಿತ್ತು, ತಿದ್ದದೇ ಇದ್ದದ್ದು ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ. 1973ರಲ್ಲಿ ಇದೇ ಪಾತ್ರಗಳ ಅನಿಮೇಷನ್ ಸರಣಿ ಬಂದಾಗ, ಅಲ್ಲಿ ಬಟ್ಟೆಯೂ ಇರಲಿಲ್ಲ, ದೀಪವೂ ಇರಲಿಲ್ಲ. ಕಲಾವಿದರು ಕುಂಚದಿಂದಲೇ ಅಂಗಿಗೆ ಹೊನ್ನಿನ ಬಣ್ಣ ತುಂಬಿದರು. ಅಂದರೆ ಏಳು ವರ್ಷಗಳಲ್ಲಿ ಪರದೆಯ ಬಣ್ಣವೇ ಪಾತ್ರದ ಬಣ್ಣವಾಗಿಬಿಟ್ಟಿತ್ತು. ಥೈಸ್ ಹೊಲಿಸಿದ ಅಂಗಿ ಹಸಿರು, ಕಿರ್ಕ್ ತೊಟ್ಟ ಅಂಗಿ ಹೊನ್ನು. ಎರಡನ್ನೂ ಒಪ್ಪಿಕೊಳ್ಳುವುದರಲ್ಲಿ ನನಗೆ ತಕರಾರು ಕಾಣುವುದಿಲ್ಲ. ಆದ್ದರಿಂದ ನನ್ನ ‘ಹಳದಿ’ಯನ್ನೂ ಪೂರ್ತಿ ಹಿಂತೆಗೆದುಕೊಳ್ಳುತ್ತಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಆಗ ಇದ್ದುದು ಕಪ್ಪು-ಬಿಳುಪು ಟಿವಿ. ಯಾರು ಯಾವ ಬಣ್ಣದ ಅಂಗಿಯವರೋ ನನಗೆ ತಿಳಿಯುತ್ತಲೇ ಇರಲಿಲ್ಲ. ಇಂಥ ವೀಕ್ಷಕರ ಬಗ್ಗೆ ವಿನ್ಯಾಸಕಾರರು ಯೋಚಿಸುತ್ತಿರಲಿಲ್ಲವೇ?
— ಓದುಗರೊಬ್ಬರು, ಕೆಜಿಎಫ್

ಉತ್ತರ: ಯೋಚಿಸಲೇಬೇಕಿತ್ತು, ಏಕೆಂದರೆ 1966ರಲ್ಲಿ ಅಮೆರಿಕದಲ್ಲೂ ಬಹುಪಾಲು ಮನೆಗಳಲ್ಲಿ ಇದ್ದುದು ಕಪ್ಪು-ಬಿಳುಪು ಟಿವಿಯೇ. ಹಾಗಿದ್ದೂ ಎನ್‌ಬಿಸಿ ಸಂಜೆಯ ಕಾರ್ಯಕ್ರಮಗಳನ್ನು ಬಣ್ಣಕ್ಕೆ ತಂದದ್ದರ ಹಿಂದೆ ಒಂದು ವ್ಯಾಪಾರವಿತ್ತು: ಆ ವಾಹಿನಿಯ ಒಡೆತನ ಆರ್‌ಸಿಎ ಕಂಪನಿಯದು, ಆ ಕಂಪನಿ ಮಾರುತ್ತಿದ್ದುದು ಬಣ್ಣದ ಟಿವಿ.

ಬಣ್ಣದ ಪ್ರಸಾರ ಕಪ್ಪು-ಬಿಳುಪು ಟಿವಿಗೆ ತಲುಪಿದಾಗ ಯಾವ ಬಣ್ಣ ಎಷ್ಟು ಬೆಳ್ಳಗೆ ಕಾಣಬೇಕೆಂಬುದಕ್ಕೆ ಲೆಕ್ಕವಿದೆ. ಹೊಳಪಿನ ಸಂಕೇತದಲ್ಲಿ ಹಸಿರಿಗೆ ಶೇಕಡಾ 59, ಕೆಂಪಿಗೆ 30, ನೀಲಿಗೆ ಕೇವಲ 11 ಪಾಲು. ಹೀಗಾಗಿ ಹಸಿರೂ ಕೆಂಪೂ ಕೂಡಿದ ಹೊನ್ನಿನ ಅಂಗಿ ನಿಮ್ಮ ಟಿವಿಯಲ್ಲಿ ತಿಳಿಬೂದಿಯಾಗಿ ಕಂಡಿರುತ್ತದೆ. ಕಡುಗೆಂಪು ಮತ್ತು ನೀಲಿ ಅಂಗಿಗಳು ಒಂದಕ್ಕೊಂದು ಹತ್ತಿರದ ಮಸುಕು ಬೂದಿಗೆ ಇಳಿದಿರುತ್ತವೆ. ಕ್ಯಾಪ್ಟನ್ ಯಾರೆಂದು ಥಟ್ಟನೆ ತಿಳಿಯುತ್ತಿತ್ತು, ಎಂಜಿನಿಯರ್ ಯಾರು ವೈದ್ಯ ಯಾರು ಎಂಬುದಕ್ಕೆ ಮುಖವನ್ನೇ ನೋಡಬೇಕಿತ್ತು. ನಿಮ್ಮ ಗೊಂದಲಕ್ಕೆ ನೀವು ಹೊಣೆಯಲ್ಲ.

ಚಿತ್ರೀಕರಣವೇ ಕಪ್ಪು-ಬಿಳುಪಿನಲ್ಲಿದ್ದ ಕಾಲದಲ್ಲಿ ವಿನ್ಯಾಸಕಾರರು ಇನ್ನೂ ಸ್ವತಂತ್ರರಾಗಿದ್ದರು, ಬಣ್ಣವನ್ನು ಅದು ಕೊಡುವ ಬೂದಿಗಾಗಿ ಮಾತ್ರ ಆರಿಸುತ್ತಿದ್ದರು. 1952ರಲ್ಲಿ ಆರಂಭವಾದ ಸೂಪರ್‌ಮ್ಯಾನ್ ಧಾರಾವಾಹಿಯಲ್ಲಿ ನಟ ಜಾರ್ಜ್ ರೀವ್ಸ್ ಮೊದಲು ತೊಟ್ಟ ಉಡುಪು ನೀಲಿ-ಕೆಂಪಾಗಿರಲಿಲ್ಲ. ಕಂದು ಮತ್ತು ಬೂದು ಛಾಯೆಗಳದಾಗಿತ್ತು. ನಿಜವಾದ ನೀಲಿ-ಕೆಂಪನ್ನು ಹಾಕಿದ್ದರೆ ಎರಡೂ ಒಂದರೊಳಗೊಂದು ಕರಗಿಬಿಡುವ ಅಪಾಯವಿತ್ತು. 1954ರಿಂದ ಬಣ್ಣದಲ್ಲಿ ಚಿತ್ರೀಕರಿಸಲು ತೊಡಗಿದ ಮೇಲೆಯೇ ಆತನಿಗೆ ನೀಲಿ-ಕೆಂಪು ಉಡುಪು ಬಂದದ್ದು. ಬ್ರಿಟನ್ನಿನಲ್ಲಿ 1963ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ಕಾಲಯಂತ್ರದ ನಿಯಂತ್ರಣ ಮೇಜು ಪರದೆಯಲ್ಲಿ ಅಚ್ಚ ಬಿಳಿ, ನಿಜದಲ್ಲಿ ತಿಳಿಹಸಿರು. ಬಿಳಿಯನ್ನೇ ಬಳಿದಿದ್ದರೆ ಅಂದಿನ ಕ್ಯಾಮೆರಾಗಳಿಗೆ ಕಣ್ಣು ಕೋರೈಸುತ್ತಿತ್ತು.

ಪ್ರಶ್ನೆ: ‘ಡಾಕ್ಟರ್ ಹೂ’ದ ಕೆಲವು ಬಣ್ಣದ ಕಂತುಗಳು ಅಳಿಸಿಹೋಗಿ, ಕಪ್ಪು-ಬಿಳುಪು ಪ್ರತಿಯಿಂದ ಮತ್ತೆ ಬಣ್ಣವನ್ನು ಪಡೆದರೆಂದು ಓದಿದೆ. ಇಲ್ಲದ ಬಣ್ಣ ಎಲ್ಲಿಂದ ಬಂತು?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಅದು ಇಲ್ಲದ ಬಣ್ಣವಲ್ಲ, ಅಲ್ಲೇ ಅಡಗಿದ್ದ ಬಣ್ಣ. ಆ ಧಾರಾವಾಹಿ 1970ರ ಜನವರಿಯಲ್ಲಿ ಬಣ್ಣಕ್ಕೆ ಬಂತು. ಟೇಪುಗಳು ದುಬಾರಿಯಾಗಿದ್ದುದರಿಂದ ಬಿಬಿಸಿ ಹಲವನ್ನು ಅಳಿಸಿ ಮರುಬಳಕೆ ಮಾಡಿತು; ಹೊರದೇಶಗಳಿಗೆ ಮಾರಲೆಂದು ಟಿವಿ ಪರದೆಯನ್ನೇ ಕಪ್ಪು-ಬಿಳುಪು ಫಿಲ್ಮಿಗೆ ಚಿತ್ರೀಕರಿಸಿಕೊಂಡ ಪ್ರತಿಗಳು ಮಾತ್ರ ಕೆಲವು ಕಂತುಗಳಿಗೆ ಉಳಿದವು. ಹಾಗೆ ಚಿತ್ರೀಕರಿಸುವಾಗ ಪ್ರಸಾರದ ಬಣ್ಣದ ಸಂಕೇತವನ್ನು ಸೋಸಿ ತೆಗೆಯದೇ ಬಿಟ್ಟಿದ್ದರೆ, ಅದು ಬಣ್ಣದ ಜಾಗಗಳಲ್ಲೆಲ್ಲ ಸಣ್ಣ ಚುಕ್ಕೆಗಳ ಜಾಲವಾಗಿ ಫಿಲ್ಮಿನ ಮೇಲೆ ಅಚ್ಚಾಗಿರುತ್ತಿತ್ತು. ಆಗ ಅದು ಕೊಳೆ, ಕಣ್ಣಿಗೆ ಕಿರಿಕಿರಿ. ಸುಮಾರು ಮೂವತ್ತೈದು ವರ್ಷಗಳ ನಂತರ ಎಂಜಿನಿಯರುಗಳು ಆ ಚುಕ್ಕೆಗಳನ್ನು ಕಂಪ್ಯೂಟರಿನಿಂದ ಓದಿಸಿ, ಯಾವ ಅಂಗಿ ಯಾವ ಬಣ್ಣದ್ದಾಗಿತ್ತೆಂಬುದನ್ನು ಮರಳಿ ಪಡೆದರು. ಒಂದು ವೇಳೆ ಅಂದಿನ ತಂತ್ರಜ್ಞರು ತಮ್ಮ ಕೆಲಸವನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿ ಚುಕ್ಕೆಗಳನ್ನು ಸೋಸಿಬಿಟ್ಟಿದ್ದರೆ, ಈ ಬಣ್ಣ ಶಾಶ್ವತವಾಗಿ ಹೋಗಿರುತ್ತಿತ್ತು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಮಂಗಳಯಾನದ ಬಗ್ಗೆ ಒಂದು ಕಿರುನಾಟಕ ಆಡುತ್ತಿದ್ದಾರೆ, ಹಸಿರು ಪರದೆಯ ಮುಂದೆ ನಿಲ್ಲಿಸಿ ವಿಡಿಯೋ ಮಾಡುವ ಆಲೋಚನೆಯಿದೆ. ಉಡುಪಿಗೆ ಯಾವ ಬಣ್ಣ ಆರಿಸಲಿ?
— ಶಿಕ್ಷಕಿಯೊಬ್ಬರು, ಗುಬ್ಬಿ

ಉತ್ತರ: ಗುಬ್ಬಿ ವೀರಣ್ಣನವರ ಊರಿನವರಿಗೆ ಉಡುಪು ಮತ್ತು ಬೆಳಕಿನ ಪಾಠ ಹೇಳುವುದಕ್ಕೆ ಸಂಕೋಚವಾಗುತ್ತದೆ, ಆದರೂ ವಿಡಿಯೋ ಎಂದದ್ದರಿಂದ ಧೈರ್ಯ ಮಾಡುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಹಸಿರನ್ನೆಲ್ಲ ಅಳಿಸಿ ಆ ಜಾಗಕ್ಕೆ ಬೇರೆ ದೃಶ್ಯ ಕೂರಿಸುವುದರಿಂದ, ಹಸಿರು ಪರದೆಯ ಮುಂದೆ ಹಸಿರು ಬಟ್ಟೆ ಸಲ್ಲದೆಂಬುದು ನಿಮಗೆ ಗೊತ್ತಿರುತ್ತದೆ; ಗಿಳಿಹಸಿರಷ್ಟೇ ಅಲ್ಲ, ನವಿಲುಗತ್ತಿನ ಬಣ್ಣದ ರೇಷ್ಮೆಯೂ ಬೇಡ, ಮಗು ತಿರುಗಿದಾಗ ಅರ್ಧ ಮೈ ಮಾಯವಾದೀತು. ಗಗನಯಾತ್ರಿ ಎಂದೊಡನೆ ಎಲ್ಲರೂ ಬೆಳ್ಳಿ ಹಾಳೆಗೆ ಕೈಹಾಕುತ್ತಾರೆ. ಅದು ಕನ್ನಡಿಯಂತೆ ಪರದೆಯ ಹಸಿರನ್ನೇ ಪ್ರತಿಫಲಿಸಿ ಉಡುಪಿನಲ್ಲಿ ತೂತು ಬಿದ್ದಂತೆ ತೋರಿಸುವುದರಿಂದ, ಮಿರುಗದ ಬೂದು ಬಟ್ಟೆ ಲೇಸು. ಸಣ್ಣ ಚೌಕುಳಿ ಮತ್ತು ಒತ್ತೊತ್ತಾದ ಗೆರೆಗಳು ಪರದೆಯ ಮೇಲೆ ಅಲೆಯಾಡುತ್ತವೆ. ಅಗ್ಗದ ಎಲ್‌ಇಡಿ ದೀಪಗಳಲ್ಲಿ ಕಡುಗೆಂಪಿನ ಪಾಲು ಕಡಿಮೆಯಾದ್ದರಿಂದ ಕೆಂಪು ಅಂಗಿ ಸಪ್ಪೆಯಾಗುತ್ತದೆ. ಕಪ್ಪು ಪಾಲಿಯೆಸ್ಟರ್ ಕೆಲವು ಕ್ಯಾಮೆರಾಗಳಲ್ಲಿ ನೇರಳೆಗಂದಾಗಿ ಕಾಣುವುದೂ ಉಂಟು. ನಮಗೆ ಕಾಣದ ಬೆಳಕನ್ನು ಕ್ಯಾಮೆರಾ ಕಾಣುವ ಹಳೆಯ ಕಥೆಯೇ ಅದು.

ಮೊಬೈಲಿನಲ್ಲಿ ಚಿತ್ರೀಕರಿಸುವುದಾದರೆ ಬಿಳಿಯ ಸಮತೋಲನವನ್ನು, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ‘ವೈಟ್ ಬ್ಯಾಲೆನ್ಸ್’ ಅನ್ನು, ತನ್ನಷ್ಟಕ್ಕೆ ಬದಲಾಗಲು ಬಿಡಬೇಡಿ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ನಾಲ್ಕು ಮಕ್ಕಳು ಒಟ್ಟಿಗೆ ಹತ್ತಿರ ಬಂದರೆ, ಅದು ಆ ಹಳೆಯ ಲ್ಯಾಬಿನವರಂತೆಯೇ ತಪ್ಪಾಗಿದೆಯೆಂದು ಭಾವಿಸಿ ತಿದ್ದಿಬಿಡುತ್ತದೆ. ಬಿಳಿ ಕಾಗದವೊಂದನ್ನು ದೀಪದ ಕೆಳಗೆ ಹಿಡಿದು ಹೊಂದಿಸಿ, ಅಲ್ಲಿಗೇ ಕಟ್ಟಿಹಾಕಿ. ಬಟ್ಟೆ ಅಂಗಡಿಯಿಂದ ಮೊದಲು ಪ್ರತಿಯೊಂದು ಬಣ್ಣದ್ದೂ ಒಂದೊಂದು ಗೇಣು ತುಂಡು ತಂದು, ನಾಟಕಕ್ಕೆ ಬಳಸುವ ಅದೇ ದೀಪದ ಕೆಳಗೆ, ಅದೇ ಕ್ಯಾಮೆರಾದಲ್ಲಿ, ಒಂದು ಮಗುವಿನ ಮುಖದ ಪಕ್ಕದಲ್ಲಿಟ್ಟು ಒಂದು ನಿಮಿಷ ಚಿತ್ರೀಕರಿಸಿ ನೋಡಿ. ದರ್ಜಿಗೆ ಅಳತೆ ಕೊಡುವುದು ಆಮೇಲೆ.